ಉಲ್ಲೇಖಗಳ ಲೆಕ್ಕ ಮತ್ತು ಶಂಭುನಾಥ ದೇ ಅವರ ಎರಡು ಪುಟಗಳು



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಮೊದಲ ನೋಟಕ್ಕೆ ಶುಷ್ಕವೆನಿಸಬಹುದು. ಆದರೆ ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಯಾವ ಬಡಾವಣೆಗೆ ಹೋದರೂ ವೈದ್ಯಕೀಯ ಸಂಶೋಧನೆಯಲ್ಲಿ ತೊಡಗಿದ ಮಗನೋ ಸೊಸೆಯೋ ಅಳಿಯನೋ ಇರುವ ಮನೆಯೊಂದು ಸಿಕ್ಕೇ ಸಿಗುತ್ತದೆ. ಆ ಮನೆಯಲ್ಲಿ ಒಂದು ಸಂಖ್ಯೆಯ ಮಾತು ಆಗಾಗ ಬರುತ್ತದೆ. 'ಸೈಟೇಶನ್ ಎಷ್ಟಾಯಿತು?' ಎಂದು ಕೇಳುತ್ತಾರೆ. ಹುದ್ದೆ ಕಾಯಂ ಆಗುವಾಗ, ಅನುದಾನಕ್ಕೆ ಅರ್ಜಿ ಹಾಕುವಾಗ, 'ಅಸಾಧಾರಣ ಸಾಮರ್ಥ್ಯ'ದ ಆಧಾರದ ಮೇಲೆ ಗ್ರೀನ್ ಕಾರ್ಡ್ ಕೋರುವಾಗ ಈ ಸಂಖ್ಯೆಯನ್ನು ಮುಂದಿಡಬೇಕಾಗುತ್ತದೆ. ಊರಿನಿಂದ ಬಂದ ತಂದೆತಾಯಿಗಳಿಗೆ ಇದು ಪರೀಕ್ಷೆಯ ಅಂಕದಂತೆ ಕಾಣುತ್ತದೆ. ಇದು ಅಂಕವಲ್ಲ, ಹಾಗಾದರೆ ಏನು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸಲು ಯತ್ನಿಸುತ್ತೇನೆ. ವೃತ್ತಿಯಿಂದ ನಾನು ಜೀವರಸಾಯನಶಾಸ್ತ್ರದವನು. ಇತರರ ಪ್ರಬಂಧಪಟ್ಟಿಗಳನ್ನು ತೂಗಿನೋಡುವ ಸಮಿತಿಗಳಲ್ಲಿ ಹಲವು ವರ್ಷ ಕುಳಿತವನು.

ಸಂಶೋಧಕನೊಬ್ಬ ತನ್ನ ಪ್ರಯೋಗದ ಫಲವನ್ನು ಪ್ರಬಂಧವಾಗಿ ಬರೆದು ಸಂಶೋಧನ ಪತ್ರಿಕೆಗೆ ಕಳಿಸುತ್ತಾನೆ. ಅದೇ ಕ್ಷೇತ್ರದ ಇಬ್ಬರು ಮೂವರು ತಜ್ಞರು ಅದನ್ನು ಓದಿ, ಆಕ್ಷೇಪಗಳನ್ನೆತ್ತಿ, ತಿದ್ದಿಸಿ, ಒಪ್ಪಿದ ಮೇಲೆ ಅದು ಅಚ್ಚಾಗುತ್ತದೆ. ಪ್ರಬಂಧದ ಕೊನೆಯಲ್ಲಿ ಹಿಂದಿನ ಯಾರ ಯಾರ ಕೆಲಸವನ್ನು ಆಧರಿಸಿದ್ದೇನೆ ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಒಂದು ಪ್ರಬಂಧದ ಹೆಸರು ಬಂದರೆ ಅದಕ್ಕೆ ಒಂದು ಉಲ್ಲೇಖ ದೊರೆಯಿತು ಎಂದು ಅರ್ಥ. ಇಷ್ಟೇ ಸಂಗತಿ. ಇದು ಋಣದ ಲೆಕ್ಕ: ಯಾರು ಯಾರಿಂದ ಏನನ್ನು ಪಡೆದರು ಎಂಬುದರ ದಾಖಲೆ.

ಈ ಪಟ್ಟಿಗಳನ್ನು ಹಿಡಿದು ಹಿಂದಕ್ಕೆ ಹೋಗುವುದು ಸುಲಭ. ಮುಂದಕ್ಕೆ ಹೋಗುವುದು ಹೇಗೆ? 1930ರ ಪ್ರಬಂಧವೊಂದನ್ನು ಅನಂತರ ಯಾರು ಬಳಸಿಕೊಂಡರು ಎಂದು ತಿಳಿಯಬೇಕಾದರೆ ಆಮೇಲೆ ಅಚ್ಚಾದ ಎಲ್ಲವನ್ನೂ ಓದಬೇಕಾಗುತ್ತಿತ್ತು. ಈ ತೊಡಕಿಗೆ ಪರಿಹಾರ ಬಂದದ್ದು ವಿಜ್ಞಾನದಿಂದಲ್ಲ, ನ್ಯಾಯಾಲಯದಿಂದ. ಒಂದು ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ವಕೀಲರಿಗೆ ತಿಳಿಸುವ ಶೆಪರ್ಡ್ ಸೂಚಿಗಳು ಅಮೆರಿಕದಲ್ಲಿ 1873ರಿಂದ ಪ್ರಕಟವಾಗುತ್ತಿದ್ದವು. ಯೂಜೀನ್ ಗಾರ್ಫೀಲ್ಡ್ ಎಂಬ ತರುಣ ಅದೇ ಉಪಾಯವನ್ನು ವಿಜ್ಞಾನಕ್ಕೂ ಅನ್ವಯಿಸಬೇಕೆಂದು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಾದಿಸಿದ. ಫಿಲಡೆಲ್ಫಿಯಾದಲ್ಲಿ ಆತ ಸ್ಥಾಪಿಸಿದ ಸಂಸ್ಥೆಯಿಂದ 1964ರಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಎಂಬ ದೊಡ್ಡ ಸೂಚಿ ಹೊರಬಂತು. ಅದರ ಮೊದಲ ಐದು ಸಂಪುಟಗಳು 613 ಪತ್ರಿಕೆಗಳಿಂದ ಸುಮಾರು 14 ಲಕ್ಷ ಉಲ್ಲೇಖಗಳನ್ನು ಸಂಗ್ರಹಿಸಿದ್ದವು. ಗಾರ್ಫೀಲ್ಡ್‌ಗೆ ನಮ್ಮ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರಲ್ಲಿ ಬಹಳ ಗೌರವ. ರಂಗನಾಥನ್ ಬೆಂಗಳೂರಿನಲ್ಲಿ 1962ರಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದವರು ಎಂಬುದನ್ನು ಇಲ್ಲಿ ನೆನೆಯಬಹುದು.

ಒಂದು ಅಂಶವನ್ನು ಮರೆಯಬಾರದು. ಗಾರ್ಫೀಲ್ಡ್ ಈ ಸೂಚಿಯನ್ನು ಹವಣಿಸಿದ್ದು ಮುಖ್ಯವಾಗಿ ಓದುಗನಿಗೆ ದಾರಿ ತೋರಿಸಲು; ಸಂಶೋಧಕರ ಬೆಲೆ ಕಟ್ಟುವುದಕ್ಕಾಗಿ ಅಲ್ಲ. ಆದರೆ ಎಣಿಸಬಲ್ಲ ವಸ್ತು ಕೈಗೆ ಸಿಕ್ಕಮೇಲೆ ಅದನ್ನು ಎಣಿಸದೆ ಬಿಡುವ ಆಡಳಿತಗಾರ ಇನ್ನೂ ಹುಟ್ಟಬೇಕಷ್ಟೆ.

ಎಣಿಸಿದರೆ ಏನು ಕಾಣುತ್ತದೆ? 'ನೇಚರ್' ಪತ್ರಿಕೆ 2014ರಲ್ಲಿ ಅದುವರೆಗೆ ಅತ್ಯಂತ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿ ಮಾಡಿತು. ಮೊದಲ ಸ್ಥಾನದಲ್ಲಿದ್ದದ್ದು ಪೆನಿಸಿಲಿನ್ ಅಲ್ಲ, ಇನ್ಸುಲಿನ್ ಅಲ್ಲ. ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ, ದ್ರಾವಣವೊಂದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ. ಅದಕ್ಕೆ 3,05,000ಕ್ಕೂ ಹೆಚ್ಚು ಉಲ್ಲೇಖಗಳು. ಎರಡನೆಯದೂ ಮೂರನೆಯದೂ ಪ್ರೋಟೀನನ್ನು ಬೇರ್ಪಡಿಸುವ, ಅಳೆಯುವ ವಿಧಾನಗಳೇ. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಡಿ.ಎನ್.ಎ.ಯ ರಚನೆಯನ್ನು ತಿಳಿಸಿದ ಪ್ರಬಂಧ ಈ ನೂರರೊಳಗೆ ಇಲ್ಲವೇ ಇಲ್ಲ. ಅದೇ ಸಮೀಕ್ಷೆಯ ಇನ್ನೊಂದು ತುದಿಯಲ್ಲಿ, ದಾಖಲಾದ ಸುಮಾರು 5 ಕೋಟಿ 80 ಲಕ್ಷ ಬರಹಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಒಂದೇ ಉಲ್ಲೇಖ, ಇಲ್ಲವೇ ಅದೂ ಇಲ್ಲ.

ಲೌರಿ ತಮ್ಮ ಆ ಪ್ರಬಂಧ ಮಹತ್ತರವಾದುದೇನಲ್ಲವೆಂದು ತಾವೇ ಹೇಳಿಕೊಂಡಿದ್ದರು. ಅಡುಗೆಮನೆಯಲ್ಲಿ ಅತಿ ಹೆಚ್ಚು ಸಲ ಕೈಗೆತ್ತಿಕೊಳ್ಳುವ ವಸ್ತು ಸೌಟು. ಹಾಗೆಂದು ಹಬ್ಬದೂಟದ ಕೀರ್ತಿ ಸೌಟಿಗೆ ಸೇರುವುದಿಲ್ಲ. ಇನ್ನು ಡಿ.ಎನ್.ಎ.ಯ ರಚನೆಯಂಥ ಸಂಗತಿ ಪಠ್ಯಪುಸ್ತಕ ಸೇರಿ ಎಲ್ಲರ ಸ್ವತ್ತಾದ ಮೇಲೆ ಮೂಲ ಪ್ರಬಂಧವನ್ನು ಹೆಸರಿಸುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿದ್ದಾನೆ: ಅರಿವಿನೊಳಗೆ ಪೂರ್ತಿ ಕರಗಿಹೋದದ್ದರ ಹೆಸರು ಅಳಿಸಿಹೋಗುತ್ತದೆ.

ವಿಧಾನದ ಪ್ರಬಂಧಗಳ ಮಾತು ಬಂದಾಗ ಯೆಲ್ಲಾಪ್ರಗಡ ಸುಬ್ಬರಾವ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಭೀಮವರಂನಲ್ಲಿ ಹುಟ್ಟಿ, 1923ರಲ್ಲಿ ಬಾಸ್ಟನ್‌ಗೆ ಬಂದು, ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕೆ ಅವರ ಜೊತೆ ದುಡಿದವರು. ರಕ್ತ ಮತ್ತು ಮೂತ್ರದಲ್ಲಿ ರಂಜಕವನ್ನು ಅಳೆಯುವ ಅವರ 1925ರ ವಿಧಾನ ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂದು ಬಹುಕಾಲ ನಿಂತಿತು. ಆದರೆ ಮುದ್ರಿತ ಸೈಟೇಶನ್ ಇಂಡೆಕ್ಸಿನಲ್ಲಿ ಉಲ್ಲೇಖಿತ ಪ್ರಬಂಧವನ್ನು ಮೊದಲ ಲೇಖಕನ ಹೆಸರಿನಡಿ ಮಾತ್ರ ನಮೂದಿಸುತ್ತಿದ್ದರು. ಆದುದರಿಂದ ಆ ಸಂಪುಟಗಳಲ್ಲಿ ಆ ಪ್ರಬಂಧ 'ಫಿಸ್ಕೆ' ಎಂಬಲ್ಲಿ ಸಿಗುತ್ತದೆ. 'ಸುಬ್ಬರಾವ್' ಎಂದು ಹುಡುಕಿದವನಿಗೆ ಅದು ಇಲ್ಲವೇ ಇಲ್ಲ. ಲೆಕ್ಕ ತಪ್ಪಲ್ಲ, ಲೆಕ್ಕದ ಪುಸ್ತಕದ ಅಂಕಣವೇ ಹಾಗೆ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಂಶೋಧಕನೊಬ್ಬನ ಪ್ರಬಂಧಪಟ್ಟಿಯನ್ನು ಹೇಗೆ ಓದಬೇಕು ಎಂಬುದಕ್ಕೆ ಕಲ್ಕತ್ತೆಯ ಡಾ. ಶಂಭುನಾಥ ದೇ ಅವರದಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿದಿಲ್ಲ.

ಇಲ್ಲಿರುವ ಹಿರಿಯರಿಗೆ ಕಾಲರಾ ಎಂದರೆ ಪುಸ್ತಕದ ಮಾತಲ್ಲ. ಜಾತ್ರೆಗೆ ಹೊರಟವರಿಗೆ ಕಾಲರಾ ಸೂಜಿ ಹಾಕುತ್ತಿದ್ದ ಕಾಲವನ್ನು ಕಂಡವರು ತಾವು. ಬೆಳಿಗ್ಗೆ ಗಟ್ಟಿಯಾಗಿದ್ದ ಮನುಷ್ಯ ಸಂಜೆಗೆ ಅಕ್ಕಿ ತೊಳೆದ ನೀರಿನಂತೆ ಭೇದಿಯಾಗಿ, ಕಣ್ಣು ಗುಳಿಬಿದ್ದು, ಮೈ ತಣ್ಣಗಾಗಿ ಹೋಗಿಬಿಡುತ್ತಿದ್ದ. ಜರ್ಮನಿಯ ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಗೇ ಬಂದು, ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಜೀವಾಣುವೇ ಇದಕ್ಕೆ ಕಾರಣವೆಂದು ತೋರಿಸಿದರು. ಆ ಜೀವಾಣು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದು ಅವರು ಊಹಿಸಿದರು. ಆ ವಿಷವನ್ನು ಮುಂದಿನ ಎಪ್ಪತ್ತೈದು ವರ್ಷ ಯಾರೂ ಹಿಡಿದುಕೊಡಲಿಲ್ಲ. ಹುಡುಕಿದವರು ಜೀವಾಣುವನ್ನೋ ಅದರ ಸಾರವನ್ನೋ ಪ್ರಾಣಿಗಳ ರಕ್ತಕ್ಕೆ ಅಥವಾ ಉದರದ ಪೊಳ್ಳಿಗೆ ಚುಚ್ಚುತ್ತಿದ್ದರು. ಪ್ರಾಣಿ ಸಾಯುತ್ತಿತ್ತು, ಆದರೆ ಅದಕ್ಕೆ ಭೇದಿಯಾಗುತ್ತಿರಲಿಲ್ಲ. ರೋಗ ಕರುಳಿನದು, ಹುಡುಕಾಟ ಬೇರೆ ಕಡೆ.

ದೇ ಅವರು ಹುಟ್ಟಿದ್ದು 1915ರಲ್ಲಿ, ಬಂಗಾಳದ ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ. ಕಲ್ಕತ್ತ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಸರ್ ರಾಯ್ ಕ್ಯಾಮರನ್ ಅವರ ಕೈಕೆಳಗೆ ರೋಗಲಕ್ಷಣಶಾಸ್ತ್ರದಲ್ಲಿ 1949ರಲ್ಲಿ ಡಾಕ್ಟರೇಟ್ ಪಡೆದರು. ಊರಿಗೆ ಮರಳಿ ಕಾಲರಾದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರ ಉಪಾಯ ಎಷ್ಟು ಸರಳವೆಂದರೆ ಇಲ್ಲಿರುವ ಮಕ್ಕಳಿಗೂ ತಿಳಿಯುತ್ತದೆ. ಅರಿವಳಿಕೆ ಕೊಟ್ಟ ಮೊಲದ ಸಣ್ಣಕರುಳಿನ ಒಂದು ತುಂಡನ್ನು, ರಕ್ತದ ಸರಬರಾಜು ಕೆಡದಂತೆ, ಎರಡು ಕಡೆ ದಾರದಿಂದ ಕಟ್ಟುವುದು, ನಡುವಿನ ಚೀಲದಂಥ ಭಾಗಕ್ಕೆ ಕಾಲರಾ ಜೀವಾಣುಗಳನ್ನು ಸೂಜಿಯಿಂದ ಬಿಡುವುದು, ಮರುದಿನ ನೋಡುವುದು. ಆ ತುಂಡು ಅಕ್ಕಿ ತೊಳೆದ ನೀರಿನಂಥ ದ್ರವದಿಂದ ಬಿಗಿದು ಉಬ್ಬಿರುತ್ತಿತ್ತು. ಪಕ್ಕದ, ಬರಿಯ ದ್ರಾವಣ ಹಾಕಿದ ತುಂಡು ಚಪ್ಪಟೆಯಾಗಿಯೇ ಉಳಿದಿರುತ್ತಿತ್ತು. ಇದನ್ನು ದೇ ಮತ್ತು ಅವರ ಸಹೋದ್ಯೋಗಿ ಡಿ. ಎನ್. ಚಟರ್ಜಿ 1953ರಲ್ಲಿ ಬ್ರಿಟನ್ನಿನ ರೋಗಲಕ್ಷಣಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಂಥದೇ ಪ್ರಯೋಗವನ್ನು ವಿಯೋಲ್ ಮತ್ತು ಕ್ರೆಂಡಿರೋಪುಲೊ ಎಂಬವರು 1915ರಲ್ಲೇ ಮಾಡಿದ್ದರು, ಅದು ಮರೆತುಹೋಗಿತ್ತು. ದೇ ಹುಟ್ಟಿದ ವರ್ಷವೇ ಅದು.

ಆದರೆ ಜೀವಾಣುಗಳನ್ನೇ ಬಿಟ್ಟಾಗ ಕೆಲಸ ಮಾಡಿದ್ದು ಜೀವಾಣುವೋ ಅದು ಉಗುಳಿದ ವಿಷವೋ ಎಂಬ ಪ್ರಶ್ನೆ ಉಳಿಯುತ್ತದೆ. 1959ರ ಮೇ ತಿಂಗಳಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ದೇ ಅವರ, ಅವರೊಬ್ಬರದೇ ಹೆಸರಿನ, ಚಿಕ್ಕ ಪ್ರಬಂಧ ಬಂದಿತು. ಜೀವಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದು ಜೀವಾಣುವೂ ಉಳಿಯದಂತೆ ಮಾಡಿ, ಆ ತಿಳಿಯನ್ನು ಮಾತ್ರ ಮೊಲದ ಕರುಳಿನ ತುಂಡಿಗೆ ಬಿಟ್ಟರೂ ಅದು ದ್ರವದಿಂದ ತುಂಬಿಕೊಳ್ಳುತ್ತದೆ ಎಂದು ಅವರು ತೋರಿಸಿದ್ದರು. ಅಂದರೆ ವಿಷ ಜೀವಾಣುವಿನಿಂದ ಹೊರಬರುತ್ತದೆ, ಕರುಳಿನ ಒಳಮೈಯ ಮೇಲೆ ಕೆಲಸ ಮಾಡುತ್ತದೆ. ಕಾಖ್ ಅವರ ಊಹೆಗೆ ಸಾಕ್ಷಿ ದೊರೆಯಿತು, ಅದೂ ಅವರು ಜೀವಾಣುವನ್ನು ಕಂಡ ನಗರದಲ್ಲಿಯೇ. ಪ್ರಬಂಧದ ಉದ್ದ ಎರಡು ಪುಟ. ಅದೇ ವರ್ಷ ಮುಂಬಯಿಯ ಹಾಫ್ಕಿನ್ ಸಂಸ್ಥೆಯ ಎನ್. ಕೆ. ದತ್ತ ಮತ್ತು ಸಂಗಡಿಗರು ಮೊಲದ ಮರಿಗಳ ಮೇಲೆ ಬೇರೊಂದು ಬಗೆಯ ಪ್ರಯೋಗ ಮಾಡಿ ಕಾಲರಾ ವಿಷದ ಪಾತ್ರವನ್ನು ತೋರಿಸಿದರು ಎಂಬುದನ್ನೂ ಹೇಳಬೇಕು. ಅವರನ್ನು ಬಿಟ್ಟರೆ ನನ್ನ ಋಣದ ಲೆಕ್ಕವೂ ತಪ್ಪಾಗುತ್ತದೆ.

ಇಷ್ಟಾದ ಮೇಲೆ ಕೀರ್ತಿ ಬರಬೇಕಿತ್ತು. ಬರಲಿಲ್ಲ. ಆ ಎರಡು ಪುಟಗಳ ಅರ್ಥ ಕೆಲವು ವರ್ಷ ಹೆಚ್ಚು ಜನಕ್ಕೆ ತಟ್ಟಲಿಲ್ಲ. ಇದಕ್ಕೆ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಲರಾ ಆಗ ಶ್ರೀಮಂತ ದೇಶಗಳ ರೋಗವಾಗಿರಲಿಲ್ಲ. ಅದರ ಮೇಲೆ ದುಡಿಯುವ ಪ್ರಯೋಗಶಾಲೆಗಳೇ ಕಡಿಮೆ. ಓದಿ ಉಲ್ಲೇಖಿಸಬೇಕಾದವರೇ ಇಲ್ಲದಿದ್ದರೆ ಉಲ್ಲೇಖ ಎಲ್ಲಿಂದ ಬರಬೇಕು? 1960ರಲ್ಲಿ ಢಾಕಾದಲ್ಲಿ ಕಾಲರಾ ಸಂಶೋಧನ ಪ್ರಯೋಗಶಾಲೆ ಆರಂಭವಾಯಿತು. 1961ರಲ್ಲಿ ಇಂಡೊನೇಷ್ಯಾದ ಸುಲವೇಸಿಯಿಂದ ಏಳನೆಯ ಜಾಗತಿಕ ಪಿಡುಗು ಹೊರಟಿತು. ಆಗ ಅಮೆರಿಕದವರೂ ಸೇರಿದಂತೆ ಹಲವರು ಕ್ಷೇತ್ರಕ್ಕಿಳಿದರು. ಅವರಿಗೆ ಬೇಕಾದ ಉಪಕರಣ ಮೊಲದ ಕರುಳಿನ ಆ ಕಟ್ಟಿದ ತುಂಡು. 1969ರಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲ್ಲುಟೊ ಕಾಲರಾ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಆ ವಿಷ ಕರುಳಿನ ಜೀವಕೋಶದೊಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಸಂದೇಶವಾಹಕವನ್ನು ಮಿತಿಮೀರಿ ಏರಿಸಿ, ಉಪ್ಪು ನೀರು ಎರಡನ್ನೂ ಹೊರಕ್ಕೆ ಹರಿಸುತ್ತದೆ ಎಂದು ತಿಳಿಯಿತು. ಮುಂದೆ ಅದು ಕಾಲರಾಕ್ಕೆ ಸಂಬಂಧಿಸದ ಸಾವಿರಾರು ಪ್ರಯೋಗಗಳಲ್ಲಿ ಜೀವಕೋಶದ ಒಳಗುಟ್ಟನ್ನು ತೆರೆಯುವ ಕೀಲಿಯಾಯಿತು. ಹಾಗೆ ದೇ ಅವರ ಪ್ರಬಂಧಗಳಿಗೆ ಉಲ್ಲೇಖಗಳು ಬರತೊಡಗಿದವು.

ಅಷ್ಟರಲ್ಲಿ ಅವರು 1973ರಲ್ಲಿ ನಿವೃತ್ತರಾಗಿದ್ದರು. 1978ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕಾಲರಾ ಮತ್ತು ಅತಿಸಾರಗಳನ್ನು ಕುರಿತ ನೊಬೆಲ್ ವಿಚಾರಗೋಷ್ಠಿಗೆ ಆಹ್ವಾನ ಬಂತು. ಅಲ್ಲಿ ಮಾತನಾಡುತ್ತ, ತಾನು ಅರವತ್ತರ ದಶಕದ ಆರಂಭದಿಂದಲೇ ಸತ್ತಂತಿದ್ದೆ, ಈ ಗೋಷ್ಠಿ ತನ್ನನ್ನು ಗೋರಿಯಿಂದ ಅಗೆದು ಹೊರತೆಗೆದಿದೆ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ಆ ಬಹುಮಾನಕ್ಕೆ ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. ಬಹುಮಾನ ಬರಲಿಲ್ಲ. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರ ಜೀವಿತಕಾಲದಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಳ್ಳಲಿಲ್ಲ. 1985ರ ಏಪ್ರಿಲ್ 15ರಂದು ಅವರು ತೀರಿಕೊಂಡರು.

ಅವರ ಹೆಸರನ್ನು ಮೇಲೆತ್ತಿದವರಲ್ಲಿ ಒಬ್ಬರು ಯಾರೆಂದು ಬಲ್ಲಿರಾ? ಯೂಜೀನ್ ಗಾರ್ಫೀಲ್ಡ್. 1986ರ ಏಪ್ರಿಲ್‌ನಲ್ಲಿ, ದೇ ತೀರಿಕೊಂಡ ಸುಮಾರು ಒಂದು ವರ್ಷಕ್ಕೆ, ತನ್ನ ಸೂಚಿಯ ಉಲ್ಲೇಖಗಳನ್ನೇ ಆಧರಿಸಿ ಕಾಲರಾ ಸಂಶೋಧನೆಯ ಭೂಪಟವನ್ನು ಆತ ಬರೆದ. ಯಾವ ಪ್ರಬಂಧದಿಂದ ಯಾವುದು ಕವಲೊಡೆದಿದೆ ಎಂದು ಗುರುತಿಸುತ್ತ ಹೋದಂತೆ ಮೂಲದಲ್ಲಿ ದೇ ಅವರ ಹೆಸರು ಕಾಣಿಸಿತು. ಮೊದಲಲ್ಲಿ ಗಮನಕ್ಕೆ ಬಾರದ 1959ರ ಆ ಪ್ರಬಂಧ ಕಾಲರಾದ ಚರಿತ್ರೆಯಲ್ಲಿ ಮೈಲಿಗಲ್ಲು ಎಂದು ಆತ ಬರೆದ. ಅನಂತರ, 1990ರಲ್ಲಿ, ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ದೇ ಅವರಿಗಾಗಿ ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಸ್ವದೇಶದಲ್ಲಿ ಅವರಿಗೆ ಸಂದ ದೊಡ್ಡ ಮನ್ನಣೆ ಕನ್ನಡನಾಡಿನ ರಾಜಧಾನಿಯಲ್ಲಿ ಅಚ್ಚಾಯಿತು ಎಂಬುದು ನನಗೆ ಸಮಾಧಾನದ ಸಂಗತಿ. ಆದರೆ ಅದನ್ನು ಓದಲು ಅವರಿರಲಿಲ್ಲ.

ದೇ ಅವರ ಪ್ರಬಂಧಪಟ್ಟಿಯನ್ನು ಇಂದಿನ ಆಯ್ಕೆಸಮಿತಿಯೊಂದರ ಮುಂದಿಟ್ಟರೆ ಏನಾಗುತ್ತಿತ್ತು? 1953ರದು, 1956ರಲ್ಲಿ ಅತಿಸಾರ ತರುವ ಕೋಲೈ ಜೀವಾಣುವನ್ನು ಕುರಿತದ್ದು, 1959ರದು, 1961ರಲ್ಲಿ ಎಡಿನ್‌ಬರೋದಲ್ಲಿ ಅಚ್ಚಾದ ಕಾಲರಾ ಕುರಿತ ಪುಸ್ತಕ. ಇವೇ ಅದರ ಶಿಖರಗಳು. ಸಮಿತಿಗಳು ಈಗ ಬಳಸುವ ಎರಡು ಅಳತೆಗೋಲುಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಮೊದಲನೆಯದು ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್. ಒಂದು ಪತ್ರಿಕೆ ಎರಡು ವರ್ಷಗಳಲ್ಲಿ 200 ಪ್ರಬಂಧ ಪ್ರಕಟಿಸಿ, ಅವಕ್ಕೆ ಮೂರನೆಯ ವರ್ಷ 1,000 ಉಲ್ಲೇಖ ಬಂದರೆ ಅದರ ಅಂಕ 5. ಗ್ರಂಥಾಲಯಕ್ಕೆ ಯಾವ ಪತ್ರಿಕೆ ತರಿಸಬೇಕು ಎಂಬ ಪ್ರಶ್ನೆಗೆ ಇದು ಸಮಂಜಸ. ಆದರೆ ಇದರ ನೋಟ ಎರಡು ವರ್ಷದ್ದು. 1959ರ ಪ್ರಬಂಧಕ್ಕೆ 1962ರಲ್ಲಿ ಬಂದ ಉಲ್ಲೇಖ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ದೇ ಅವರಿಗೆ ತಡವಾಗಿ ಸಂದದ್ದೆಲ್ಲ ಹೊರಗೇ ಉಳಿಯುತ್ತದೆ. ಎರಡನೆಯದು, ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್. ಒಬ್ಬರ 20 ಪ್ರಬಂಧಗಳಿಗೆ ತಲಾ 20 ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖ ಇದ್ದು, 21 ಪ್ರಬಂಧಗಳಿಗೆ ತಲಾ 21 ಇಲ್ಲದಿದ್ದರೆ, ಅವರ ಅಂಕ 20. ನಿಯಮಿತವಾಗಿ ಬರೆಯುವವರಿಗೆ ಇದು ಒಲಿಯುತ್ತದೆ. ಒಂದೇ ಒಂದು ಪ್ರಬಂಧ ಬರೆದು ಅದಕ್ಕೆ ಹತ್ತು ಸಾವಿರ ಉಲ್ಲೇಖ ಪಡೆದವನ ಅಂಕ ಒಂದು.

ಈ ಅಳತೆಗಳು ನೌಕರಿಯ ಭವಿಷ್ಯವನ್ನು ನಿರ್ಧರಿಸತೊಡಗಿದಾಗ ವಿಜ್ಞಾನಿಗಳೇ ಎಚ್ಚರಗೊಂಡರು. 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೀವಕೋಶ ವಿಜ್ಞಾನಿಗಳ ಸಮ್ಮೇಳನದ ವೇಳೆ ಸೇರಿದ ಸಂಪಾದಕರೂ ಪ್ರಕಾಶಕರೂ, ಪತ್ರಿಕೆಯ ಅಂಕದಿಂದ ವ್ಯಕ್ತಿಯ ಬೆಲೆಯನ್ನು ಅಳೆಯಬಾರದೆಂಬ ಘೋಷಣೆಯೊಂದನ್ನು ರೂಪಿಸಿದರು. ಸಹಿ ಹಾಕಿದ ಸಂಸ್ಥೆಗಳು ಅನೇಕ. ಅದು ಎಲ್ಲೆಡೆ ನಡೆಯುತ್ತಿದೆಯೇ ಎಂದು ಕೇಳಿದರೆ ನಾನು ನಕ್ಕು ಸುಮ್ಮನಾಗಬೇಕಾಗುತ್ತದೆ.

ಉಲ್ಲೇಖವೆಂದರೆ ಹೊಗಳಿಕೆ ಎಂಬ ಭಾವನೆಯನ್ನೂ ಬಿಡಬೇಕು. 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ದಡಾರ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸುವ ಪ್ರಬಂಧ ಬರೆದರು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಅದಕ್ಕೆ ಬಂದ ಉಲ್ಲೇಖಗಳು ಸಾವಿರಕ್ಕೂ ಮೀರಿವೆ. ಅವುಗಳಲ್ಲಿ ಬಹುಪಾಲು ಅದನ್ನು ಖಂಡಿಸಲು ಬರೆದವು. ಸಂಖ್ಯೆಯನ್ನು ಮಾತ್ರ ನೋಡಿದವನಿಗೆ ಅದು ಮಹಾಪ್ರಬಂಧ.

ಇದಕ್ಕೆ ತಿರುಗುಮುರುಗಾದ ಸಂಗತಿಯೂ ಉಂಟು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ಕಿಕ್ಕಿರಿದಿದ್ದ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ನಾಳಕ್ಕೆ ಕೊಡುವ ದ್ರವ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ವಿಷ ಕರುಳಿನ ಒಳಮೈಯನ್ನು ಕೊಂದುಹಾಕುವುದಿಲ್ಲ, ಕೇವಲ ತೂಬನ್ನು ತೆರೆಯುತ್ತದೆ; ಆದುದರಿಂದ ಸಕ್ಕರೆಯೊಡನೆ ಉಪ್ಪನ್ನು ಹೀರುವ ಶಕ್ತಿ ಕರುಳಿಗೆ ಉಳಿದೇ ಇರುತ್ತದೆ ಎಂಬ ಅರಿವು ಈ ಚಿಕಿತ್ಸೆಯ ತಳಹದಿ. ಆ ಅರಿವಿಗೆ ಹಲವರ ಕೊಡುಗೆ ಇದೆ. ದೇ ಅವರದು ಅವುಗಳಲ್ಲೊಂದು. ಇಂದು ನಮ್ಮ ಹಳ್ಳಿಗಳಲ್ಲಿ ಮಗುವಿಗೆ ಭೇದಿಯಾದರೆ ತಾಯಿ ಓ.ಆರ್.ಎಸ್. ಪೊಟ್ಟಣವನ್ನು ಹರಿಯುತ್ತಾಳೆ. ಅವಳು ಪ್ರಬಂಧ ಬರೆಯುವುದಿಲ್ಲವಾದ್ದರಿಂದ ಅವಳ ಋಣ ಯಾವ ಸೂಚಿಯಲ್ಲೂ ದಾಖಲಾಗುವುದಿಲ್ಲ.

ಇನ್ನು ನಮ್ಮ ಮನೆಗಳ ಮಾತು. ಸಂಶೋಧನೆಯಲ್ಲಿರುವ ಯುವಕ ಯುವತಿಯರಿಗೆ ಮೊದಲು ಹೇಳುವುದು ಹೆಸರಿನ ವಿಚಾರ. ಸೂಚಿಗಳು ಕೊನೆಯ ಹೆಸರನ್ನು ಹಿಡಿದು ನಡೆಯುತ್ತವೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಇಟ್ಟ ಹೆಸರು, ಮೇಲೊಂದು ರಾವ್ ಅಥವಾ ಗೌಡ. ಯಾವುದು ಕೊನೆಗೆ ಬರಬೇಕೆಂಬ ನಿಯಮವಿಲ್ಲ. ಒಬ್ಬರದೇ ಪ್ರಬಂಧಗಳು ಒಂದು ಕಡೆ ಊರಿನ ಹೆಸರಿನಡಿ, ಇನ್ನೊಂದು ಕಡೆ ರಾವ್ ಎಂಬುದರಡಿ ಚದುರಿಹೋಗುತ್ತವೆ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಹೆಣ್ಣುಮಕ್ಕಳ ಹತ್ತು ವರ್ಷದ ದುಡಿಮೆ ಬೇರೊಬ್ಬರದೆಂಬಂತೆ ಕಾಣುತ್ತದೆ. 'ದೇ' ಎಂಬ ಹೆಸರೇ ಐರೋಪ್ಯ ಹೆಸರುಗಳ ಮುಂದಿನ 'ಡಿ'ಯೊಡನೆ ಬೆರೆತುಹೋಗುವಂಥದು. ಮೊದಲ ಪ್ರಬಂಧಕ್ಕೆ ಯಾವ ರೂಪ ಕೊಟ್ಟಿರೋ ಅದನ್ನೇ ಕೊನೆಯವರೆಗೆ ಉಳಿಸಿಕೊಳ್ಳುವುದು ಒಳ್ಳೆಯದು. ಸಂಶೋಧಕರಿಗೆ ಶಾಶ್ವತ ಗುರುತುಸಂಖ್ಯೆ ನೀಡುವ ಆರ್ಕಿಡ್ ಎಂಬ ವ್ಯವಸ್ಥೆ 2012ರಿಂದ ಉಂಟು. ಅದರಲ್ಲಿ ನೋಂದಾಯಿಸಿಕೊಳ್ಳಲು ಹಣ ಬೇಡ.

ಹೆಸರುಗಳ ಸರದಿಯನ್ನು ಹಿರಿಯರು ತಿಳಿದಿದ್ದರೆ ಮನೆಯಲ್ಲಿ ಅನವಶ್ಯಕ ಬೇಸರ ತಪ್ಪುತ್ತದೆ. ವೈದ್ಯಕೀಯ ಸಂಶೋಧನೆಯಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈಯಾರೆ ಕೆಲಸ ಮಾಡಿದವರದು, ಕೊನೆಯದು ಪ್ರಯೋಗಶಾಲೆಯ ಮುಖ್ಯಸ್ಥರದು. ಮಗಳ ಹೆಸರು ಕಡೆಯಲ್ಲಿ ಬಂದಿದೆಯೆಂದು ಮರುಗಬೇಡಿ, ಅವಳು ಮುಖ್ಯಸ್ಥೆಯಾಗಿರಬಹುದು. ಒಂದು ಕ್ಷೇತ್ರದ ಸಂಖ್ಯೆಯನ್ನು ಇನ್ನೊಂದಕ್ಕೆ ಹೋಲಿಸುವುದೂ ಸಲ್ಲದು. ಗಣಿತದಲ್ಲಿ ಐವತ್ತು ಉಲ್ಲೇಖ ಗೌರವದ ಮಾತು. ಕ್ಯಾನ್ಸರ್ ಸಂಶೋಧನೆಯಲ್ಲಿ ಅದು ಬೇಗ ಕೂಡಿಬರುತ್ತದೆ, ಏಕೆಂದರೆ ಅಲ್ಲಿ ಬರೆಯುವವರೇ ಹೆಚ್ಚು.

ಗ್ರೀನ್ ಕಾರ್ಡ್ ಅರ್ಜಿಯ ವಿಷಯದಲ್ಲಿ ಅನೇಕರು ನನ್ನನ್ನು ಕೇಳುವುದು, ಎಷ್ಟಿದ್ದರೆ ಸಾಕು ಎಂದು. ಇಷ್ಟಿರಬೇಕು ಎಂಬ ಸಂಖ್ಯೆ ನಿಯಮದಲ್ಲಿ ಎಲ್ಲಿಯೂ ಇಲ್ಲ. ಸಾಮರ್ಥ್ಯಕ್ಕೆ ಸಾಕ್ಷ್ಯ ಕೇಳುತ್ತಾರೆ, ಉಲ್ಲೇಖ ಅದರಲ್ಲೊಂದು. ಅರ್ಜಿಗೆ ಬೆಂಬಲಪತ್ರ ಬರೆಯುವಾಗ ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಒಟ್ಟು ಸಂಖ್ಯೆಯನ್ನು ಒಂದು ಸಾಲಿನಲ್ಲಿ ಹೇಳಿ ಬಿಡುತ್ತೇನೆ. ಆಮೇಲೆ ಅರ್ಜಿದಾರರ ಕೆಲಸವನ್ನು ಉಲ್ಲೇಖಿಸಿದ ಪ್ರಬಂಧಗಳನ್ನು ಒಂದೊಂದಾಗಿ ತೆರೆದು ಓದುತ್ತೇನೆ. ಅವುಗಳಲ್ಲಿ ಹೆಚ್ಚಿನವು ಪೀಠಿಕೆಯಲ್ಲಿ, ಇತರ ಹತ್ತು ಹೆಸರುಗಳ ನಡುವೆ, ಒಂದು ಸಲ ಹೆಸರು ಹೇಳಿ ಮುಂದೆ ಹೋಗಿರುತ್ತವೆ. ಕೆಲವು ಮಾತ್ರ ಆ ಕೆಲಸವಿಲ್ಲದೆ ನಡೆಯಲಾರದವು: ಅದೇ ವಿಧಾನದಿಂದ ಅಳೆದವು, ಅದೇ ಫಲಿತಾಂಶವನ್ನು ಪರೀಕ್ಷಿಸಿ ಮುಂದುವರಿಸಿದವು, ಅಥವಾ ಆಸ್ಪತ್ರೆಯ ಚಿಕಿತ್ಸಾಕ್ರಮವನ್ನು ಅದರಿಂದ ಬದಲಾಯಿಸಿಕೊಂಡವು. ಅಂಥ ಮೂರು ನಾಲ್ಕನ್ನು ಆರಿಸಿ, ಯಾವ ದೇಶದ ಯಾರು ಯಾವ ಕೆಲಸಕ್ಕೆ ಇದನ್ನು ಬಳಸಿಕೊಂಡರು ಎಂದು ಅಧಿಕಾರಿಗೆ ಅರ್ಥವಾಗುವ ಮಾತಿನಲ್ಲಿ ಬರೆಯುತ್ತೇನೆ. ಇದಕ್ಕೆ ಒಂದು ವಾರಾಂತ್ಯ ಪೂರ್ತಿ ಹಿಡಿಯುತ್ತದೆ. ಬೆಂಬಲಪತ್ರ ಕೋರಿ ಬರುವ ಕಿರಿಯರು ಆ ಮೂರು ನಾಲ್ಕನ್ನು ತಾವೇ ಗುರುತಿಸಿ, ಆಯಾ ಪುಟಗಳಲ್ಲಿ ಗೆರೆ ಎಳೆದು ತಂದರೆ ಪತ್ರ ಬರೆಯುವವರಿಗೂ ಅನುಕೂಲ. ತಮ್ಮ ಕೆಲಸ ಎಲ್ಲಿ ಹೋಗಿ ಮುಟ್ಟಿದೆ ಎಂದು ಅವರಿಗೂ ತಿಳಿಯುತ್ತದೆ.